ಯಾರ ಕಡೆಯಿಂದ ಕೇಳುವ ಪ್ರಶ್ನೆ

ಬಡವರ ಬಡಾವಣೆಗಳಲ್ಲಿ ಅಪರಾಧ ಕಡಿಮೆ ಮಾಡುವುದು ಹೇಗೆ ಎಂಬ ಚರ್ಚೆ ಬಹುಮಟ್ಟಿಗೆ ಆ ಬಡಾವಣೆಯ ಹೊರಗೇ ನಡೆಯುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೈಕಲ್ ಕಳವಾದ ಸುದ್ದಿ ಬಂದರೆ ಸಾಕು, ಹಿಂದುಗಡೆಯ ಸ್ಲಮ್ಮಿನತ್ತ ಬೆರಳು ತಿರುಗುತ್ತದೆ. ಗೋಡೆ ಎತ್ತರಿಸೋಣ, ಕ್ಯಾಮೆರಾ ಹಾಕಿಸೋಣ, ಸ್ಟೇಷನ್ನಿಗೆ ಒಂದು ಮಾತು ಹೇಳೋಣ. ಅವರಿಂದ ನಮ್ಮನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದೇ ಅಲ್ಲಿರುವ ಪ್ರಶ್ನೆ. ಆದರೆ ಸ್ಲಮ್ಮಿನೊಳಗಿನ ಕಳವು, ಹೊಡೆತ, ಬೆದರಿಕೆಗಳಿಗೆ ಮೊದಲು ಸಿಕ್ಕಿಬೀಳುವವರು ಸ್ಲಮ್ಮಿನವರೇ. ತುಂಬಿದ ಸಿಲಿಂಡರ್ ಮಾಯವಾದರೆ ತಿಂಗಳಿಡೀ ಲೆಕ್ಕ ತಪ್ಪುವುದು ಅಲ್ಲಿನ ಮನೆಯಲ್ಲಿ. ಚೀಟಿ ನಡೆಸಿದವನು ರಾತ್ರೋರಾತ್ರಿ ಮನೆ ಖಾಲಿ ಮಾಡಿದರೆ ಮುಳುಗುವುದು ಅಲ್ಲಿನ ಹೆಂಗಸರ ದುಡ್ಡು. ಪ್ರಶ್ನೆಯನ್ನು ಅವರ ಕಡೆಯಿಂದ ಕೇಳಿದರೆ ಉತ್ತರವೂ ಬೇರೆಯಾಗುತ್ತದೆ ಎಂಬುದು ನನ್ನ ವಾದ.

ಪೀಣ್ಯದ ಕಡೆಯ ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಶಿಫ್ಟ್ ಮುಗಿಸಿ ಬರುವಾಗ ಬೈಕಿನಲ್ಲಿ ಬಂದವರು ಮೊಬೈಲ್ ಕಿತ್ತುಕೊಂಡರು ಎಂದಿಟ್ಟುಕೊಳ್ಳಿ. ಠಾಣೆಗೆ ಹೋದರೆ ಮೊದಲ ಪ್ರಶ್ನೆ, "ಎಲ್ಲಮ್ಮಾ ಕಳ್ಕೊಂಡೆ?" "ಕಳ್ಕೊಂಡಿಲ್ಲ ಸರ್, ಕಿತ್ಕೊಂಡು ಹೋದ್ರು." "ಬಿಲ್ ಇದೆಯಾ?" ಸೆಕೆಂಡ್‌ಹ್ಯಾಂಡ್ ಫೋನಿಗೆ ಎಲ್ಲಿಯ ಬಿಲ್ಲು? ಒಂದು ಗಂಟೆ ಬೆಂಚಿನ ಮೇಲೆ ಕೂತ ಮೇಲೆ ಆಕೆಯ ಕೈಗೆ ಸಿಗುವುದು 'ಕಳೆದುಹೋಗಿದೆ' ಎಂಬ ಇ-ಲಾಸ್ಟ್ ವರದಿ. ಸುಲಿಗೆ ಕಾಗದದ ಮೇಲೆ ಮರೆವಾಗುತ್ತದೆ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು. ಆ ತೀರ್ಪನ್ನು ಹಿಡಿದು ಮಾತಾಡುವ ಧೈರ್ಯ ಯಾರಿಗಿದೆಯೋ ಅವರಿಗೆ ಅದರ ಉಪಯೋಗ. ಮಾರನೆಯ ದಿನ ಅರ್ಧ ದಿನದ ಕೂಲಿ ಬಿಟ್ಟು ಮತ್ತೆ ಬಾ ಎಂದರೆ ಆಕೆ ಬರುವುದಿಲ್ಲ. ಬರುವುದಿಲ್ಲವೆಂದು ಬೆಂಚಿನ ಆಚೆ ಕೂತವರಿಗೂ ಗೊತ್ತು.

ಆಕೆ ಹೋಗುವುದು ಏರಿಯಾದ ಅಣ್ಣನ ಹತ್ತಿರ. ಫೋನು ಸಂಜೆಯೊಳಗೆ ವಾಪಸು ಬಂದರೂ ಬರಬಹುದು. ಕದ್ದವನಾರು, ಅದು ಯಾವ ಅಂಗಡಿಯಲ್ಲಿ ಬಿಚ್ಚಿಹೋಗುತ್ತದೆ ಎಂಬುದು ಅಣ್ಣನಿಗೆ ತಿಳಿದಿರುತ್ತದೆ. ಬಾಡಿಗೆ ಜಗಳ, ಬಡ್ಡಿ ಸಾಲ, ಓಡಿಹೋದ ಮಗಳು, ನಲ್ಲಿ ಮುಂದಿನ ಬಿಂದಿಗೆ ಸಾಲು, ಎಲ್ಲಕ್ಕೂ ಅವನದೇ ಪಂಚಾಯ್ತಿ. ಫೀಸಿಲ್ಲ, ವಾಯಿದೆಯಿಲ್ಲ. ಆದರೆ ಲೆಕ್ಕ ಇರುತ್ತದೆ. ಇಂದು ಉಪಕಾರ ಪಡೆದವಳ ಮಗ ನಾಳೆ ಅವನ ಹುಡುಗರ ಜೊತೆ ನಿಲ್ಲಬೇಕು. ಕೊಲೆಯೊಂದು ಕಣ್ಣೆದುರೇ ನಡೆದರೂ ಆ ಗಲ್ಲಿಯಲ್ಲಿ ಸಾಕ್ಷಿ ಹೇಳುವವರು ಸಿಗಬಾರದು. ರೌಡಿಗಳನ್ನು ಹುಟ್ಟಿಸುವುದು ಬಡತನ ಎಂದು ಸಿನಿಮಾದವರು ನಮಗೆ ಬಹಳ ವರ್ಷ ಹೇಳಿದ್ದಾರೆ. ನ್ಯಾಯ ಕೇಳಲು ಬೇರೆ ಕಡೆ ಇಲ್ಲದಿರುವುದೇ ಅವರನ್ನು ಸಾಕುತ್ತದೆ ಎಂದು ನನಗನ್ನಿಸುತ್ತದೆ.

ಕರೆದಾಗ ಬಾರದ ಇದೇ ಕಾನೂನು ಕರೆಯದಿದ್ದಾಗ ಧಾರಾಳವಾಗಿ ಬರುತ್ತದೆ. ಹಬ್ಬದ ಹಿಂದಿನ ದಿನ ಗಲ್ಲಿಯ ಹುಡುಗರನ್ನೆಲ್ಲ ಎತ್ತಿಕೊಂಡು ಹೋಗಿ ಕೂರಿಸುವುದು, ಹೇರ್‌ಕಟ್ ನೋಡಿ ಬೈಕ್ ನಿಲ್ಲಿಸುವುದು, ಬಿಟ್ಟುಹೋದ ದಾರಿಗೆ ಎಳೆಯುವಂತೆ ರೌಡಿ ಶೀಟನ್ನು ವರ್ಷಾನುಗಟ್ಟಲೆ ತೆರೆದಿಡುವುದು. ಇಡೀ ವಸತಿಯನ್ನೇ ಅಪರಾಧಿ ಎಂದು ಭಾವಿಸಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ದೊಡ್ಡ ಉದಾಹರಣೆಯಿದೆ. 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಕೆಲವು ಜಾತಿಗಳಲ್ಲಿ ಹುಟ್ಟುವುದನ್ನೇ ಅಪರಾಧವೆಂದು ಬರೆದಿಟ್ಟಿತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ-ಬೆಟಗೇರಿಯಲ್ಲಿ ಅಂಥವರಿಗಾಗಿ ಸೆಟ್ಲಮೆಂಟ್‌ಗಳಾದವು. ಬೇಲಿ, ದಿನದ ಹಾಜರಿ, ಹೊರಗೆ ಹೋಗಲು ಪಾಸು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಓಣಿಗೆ ಮಾತ್ರ ಸೆಟ್ಲಮೆಂಟ್ ಎಂಬ ಹೆಸರೇ ಉಳಿಯಿತು, ಹೆಸರಿನ ಜೊತೆ ಸಂಶಯವೂ ಉಳಿಯಿತು. 'ರೂಢಿಗತ ಅಪರಾಧಿ' ಎಂಬ ಹೊಸ ಹಣೆಪಟ್ಟಿ ಬಂತು, ಕರ್ನಾಟಕದ ಕಾಯ್ದೆ 1961ರದು. ಜೈಲು ಕೈಪಿಡಿಗಳು ಹಳೆಯ ಕಾಯ್ದೆಯಿಂದ ಬಿಡುಗಡೆಯಾದ 'ವಿಮುಕ್ತ' ಸಮುದಾಯದವರನ್ನು ಹುಟ್ಟಿನಿಂದಲೇ ಹಾಗೆ ನೋಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2024ರ ಅಕ್ಟೋಬರಿನಲ್ಲಿ. ಎಂಬತ್ತು ವರ್ಷ ಕಾಯ್ದೆ ನಡೆಸಿದ್ದರ ಫಲವೆಂದರೆ, ಠಾಣೆಯ ಮೆಟ್ಟಿಲು ಹತ್ತಲು ತಲೆಮಾರುಗಟ್ಟಲೆ ಹೆದರುವ ಜನ. ಅವರ ಮನೆಯಲ್ಲಿ ಕಳವಾದರೆ ಅವರು ಯಾರಿಗೆ ಹೇಳಬೇಕು?

ದೂರದ ನ್ಯೂಯಾರ್ಕಿನಲ್ಲೂ ಇದೇ ಬುದ್ಧಿ ಬೇರೆ ವೇಷದಲ್ಲಿ ಓಡಾಡಿತು. 2011ರಲ್ಲಿ ಅಲ್ಲಿನ ಪೊಲೀಸರು 6,85,724 ಸಲ ಜನರನ್ನು ರಸ್ತೆಯಲ್ಲಿ ತಡೆದರು. ತಡೆಯಲ್ಪಟ್ಟವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಯುವಕರು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಬಂಧನವೂ ಇಲ್ಲ, ಸಮನ್ಸೂ ಇಲ್ಲ. 2013ರಲ್ಲಿ ಫೆಡರಲ್ ನ್ಯಾಯಾಲಯ ಈ ಪದ್ಧತಿ ನಡೆದ ರೀತಿ ಸಂವಿಧಾನಬಾಹಿರ ಎಂದಿತು. ಕೈಬಿಟ್ಟರೆ ಊರು ಹಾಳಾಗುತ್ತದೆ ಎಂದವರು ಬಹಳ ಮಂದಿ. 2017ರ ಹೊತ್ತಿಗೆ ತಡೆಗಳು ಹನ್ನೆರಡು ಸಾವಿರಕ್ಕಿಂತ ಕಡಿಮೆಯಾದವು, ಆ ವರ್ಷ ನಗರದ ಕೊಲೆಗಳು ಮುನ್ನೂರರೊಳಗೆ ಇಳಿದವು. 2011ರಲ್ಲಿ ಐನೂರಕ್ಕೂ ಹೆಚ್ಚಿದ್ದವು. ತಡೆ ಇಳಿದದ್ದರಿಂದಲೇ ಕೊಲೆ ಇಳಿಯಿತೆಂದು ನಾನು ಹೇಳುವುದಿಲ್ಲ. ಲಕ್ಷಾಂತರ ಜನರ ಜೇಬು ತಡವುವುದು ಅನಿವಾರ್ಯವಾಗಿರಲಿಲ್ಲ ಎಂಬುದಂತೂ ಸ್ಪಷ್ಟವಾಯಿತು.

ಅನಿವಾರ್ಯವಲ್ಲದಿರಲು ಕಾರಣವಿದೆ. ಅಪರಾಧ ಬಡಾವಣೆಯ ತುಂಬ ಹರಡಿಕೊಂಡಿರುವುದೇ ಇಲ್ಲ. ಮಿನಿಯಾಪೊಲಿಸ್ ನಗರದ ಪೊಲೀಸ್ ಕರೆಗಳನ್ನು ಲಾರೆನ್ಸ್ ಶರ್ಮನ್ ಮತ್ತು ಸಂಗಡಿಗರು ಪರಿಶೀಲಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧದಷ್ಟು ಕರೆಗಳು ನೂರಕ್ಕೆ ಮೂರರಷ್ಟು ವಿಳಾಸಗಳಿಂದಲೇ ಬಂದಿದ್ದವು. ಅತಿ ಕೆಟ್ಟ ಹೆಸರಿನ ಏರಿಯಾದಲ್ಲೂ ಬಹುಪಾಲು ಬೀದಿಗಳಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಹೆಂಗಸರು ಹೂ ಕಟ್ಟುತ್ತಿರುತ್ತಾರೆ. ಕೆಟ್ಟದ್ದು ಆ ಬಾರಿನ ಪಕ್ಕದ ತಿರುವು, ಬೀದಿದೀಪ ಕೆಟ್ಟ ಆ ಶೌಚಾಲಯದ ದಾರಿ, ಯಾರದೋ ವ್ಯಾಜ್ಯದಲ್ಲಿ ಬಿದ್ದಿರುವ ಆ ಖಾಲಿ ಸೈಟು. ಫಿಲಡೆಲ್ಫಿಯಾದಲ್ಲಿ ಇಂಥ 541 ಖಾಲಿ ಸೈಟುಗಳನ್ನು ಚೀಟಿ ಎತ್ತಿದ ಹಾಗೆ ವಿಂಗಡಿಸಿ, ಕೆಲವನ್ನು ಕಸ ತೆಗೆದು, ಹುಲ್ಲು ಹಾಸಿ, ಒಂದೆರಡು ಗಿಡ ನೆಟ್ಟು, ಸೊಂಟಕ್ಕಿಂತ ಕೆಳಗಿನ ಮರದ ಬೇಲಿ ಹಾಕಿ ಬಿಟ್ಟರು. ತೀರಾ ಬಡ ಪ್ರದೇಶಗಳಲ್ಲಿ ಅವುಗಳ ಸುತ್ತ ಬಂದೂಕಿನ ಹಿಂಸೆ ಶೇ. 29ರಷ್ಟು ಇಳಿಯಿತು ಎಂದು 2018ರಲ್ಲಿ ವರದಿಯಾಯಿತು. ಯಾರನ್ನೂ ಬಂಧಿಸಲಿಲ್ಲ, ಯಾರಿಗೂ ನೀತಿ ಹೇಳಲಿಲ್ಲ. ಬಂದೂಕು ಬಚ್ಚಿಡುವ ಪೊದೆ ಹೋಯಿತು, ಸಂಜೆ ಕೂರುವ ಜಾಗ ಬಂತು.

ಬಡತನವೇ ಮೂಲವಾಗಿರುವಾಗ ಹುಲ್ಲು ಹಾಸುವುದರಿಂದ ಏನಾದೀತು ಎಂದು ಎಡಪಕ್ಷದ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಆದರೆ ಅದರೊಳಗೆ ಒಂದು ಅವಮಾನವೂ ಇದೆ. ಹಸಿದವರೆಲ್ಲ ಕದಿಯುವುದಿಲ್ಲ, ಬಹುತೇಕರು ಸಾಲ ಮಾಡುತ್ತಾರೆ, ಇನ್ನೊಂದು ಮನೆ ಕೆಲಸ ಹಿಡಿಯುತ್ತಾರೆ. 2008ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು, ಅಪರಾಧ ಮಾತ್ರ ಇಳಿಯುತ್ತಲೇ ಹೋಯಿತು. ಬಡತನ ಹೋಗಲೇಬೇಕು, ಅದು ಬಡತನವಾಗಿರುವ ಕಾರಣಕ್ಕೇ ಹೋಗಬೇಕು. ಅದು ಹೋಗುವವರೆಗೆ ನಿನ್ನ ಮೊಬೈಲ್ ಕಿತ್ತವನನ್ನು ಹಿಡಿಯಲಾಗದು ಎಂದು ಗಾರ್ಮೆಂಟ್ಸಿನ ಆ ಹೆಣ್ಣುಮಗಳಿಗೆ ಯಾವ ಬಾಯಿಂದ ಹೇಳುವುದು?

ಕೆಜಿಎಫ್‌ನಲ್ಲಿ ಹುಟ್ಟಿ, ಹರೆಯದಲ್ಲೇ ಮುಂಬೈ ಸೇರಿ, ಮಾನ್ಖುರ್ದ್‌ನ ಜನತಾ ಕಾಲೊನಿಯಲ್ಲಿ ಬದುಕಿದ ಜೋಕಿನ್ ಅರ್ಪುತಂ ಅಪರಾಧದ ಪ್ರಶ್ನೆಯನ್ನು ಒಳಗಿನಿಂದ ಕೇಳಿದವರು. ರಾಷ್ಟ್ರೀಯ ಸ್ಲಂ ನಿವಾಸಿಗಳ ಒಕ್ಕೂಟ ಕಟ್ಟಿದ ಅವರಿಗೆ ಪೊಲೀಸರೆಂದರೆ ಲಾಠಿ ಮತ್ತು ಬುಲ್ಡೋಜರ್ ಜೊತೆ ಬರುವವರು. ಹಾಗಿದ್ದೂ ಎ.ಎನ್. ರಾಯ್ 2004ರಲ್ಲಿ ಮುಂಬೈ ಪೊಲೀಸ್ ಕಮಿಷನರ್ ಆದಾಗ ಇಬ್ಬರೂ ಕೈಜೋಡಿಸಿದರು. ರಾಯ್ ಪೊಲೀಸ್ ಪಂಚಾಯತ್ ಎಂಬ ಏರ್ಪಾಡನ್ನು ಮೊದಲು ಪುಣೆಯಲ್ಲಿ ಮಾಡಿ ನೋಡಿದ್ದರು. ಮುಂಬೈಯ ಸ್ಲಮ್ಮುಗಳಲ್ಲೂ ಪಂಚಾಯತ್‌ಗಳಾದವು. ಹತ್ತು ಮಂದಿ ನಿವಾಸಿಗಳು, ಅವರಲ್ಲಿ ಏಳು ಹೆಂಗಸರು, ಮೂರು ಗಂಡಸರು, ಜೊತೆಗೆ ಠಾಣೆಯ ಒಬ್ಬ ಪೊಲೀಸ್. ಕೂರಲು ಸ್ಲಮ್ಮಿನವರೇ ಕೊಟ್ಟ ಒಂದು ಕೋಣೆ. ಅಲ್ಲಿಗೆ ಬಂದದ್ದು ಕುಡಿದು ಹೊಡೆಯುವ ಗಂಡ, ಗೋಡೆ ಒಂದು ಅಡಿ ಮುಂದೆ ತಂದ ನೆರೆಮನೆ, ನೀರಿನ ಜಗಳ, ತೀರದ ಕೈಸಾಲ. ಇವನ್ನೆಲ್ಲ ಠಾಣೆಯಲ್ಲಿ 'ಸಣ್ಣ ವಿಷಯ' ಎನ್ನುತ್ತಾರೆ. ಚಾಕು ಹೊರಬರುವ ಹೊತ್ತಿಗೆ ಅದು ಸಣ್ಣದಾಗಿರುವುದಿಲ್ಲ. ಏಳು ಹೆಂಗಸರೆಂಬ ಲೆಕ್ಕ ನನಗೆ ಬಹಳ ಮೆಚ್ಚುಗೆಯಾದದ್ದು. ಹಗಲೆಲ್ಲ ಗಲ್ಲಿಯಲ್ಲಿರುವವರು, ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಬಲ್ಲವರು ಅವರೇ. ಅಣ್ಣನ ಪಂಚಾಯ್ತಿಯಲ್ಲಿ ಕುರ್ಚಿ ಸಿಗದವರೂ ಅವರೇ.

ಇದರಲ್ಲಿ ಅಪಾಯವಿಲ್ಲದಿಲ್ಲ. ರಾಜಿ ಎಂಬ ಹೆಸರಿನಲ್ಲಿ ಹೊಡೆಸಿಕೊಂಡ ಹೆಂಡತಿಯನ್ನು ಮತ್ತೆ ಅದೇ ಮನೆಗೆ ಕಳಿಸುವುದು ಪಂಚಾಯ್ತಿಗಳ ಹಳೆಯ ಚಾಳಿ. ಕಾರ್ಪೊರೇಟರನ ಹಿಂಬಾಲಕರು ಒಳಸೇರಿದರೆ ಅಣ್ಣನಿಗೇ ಸರ್ಕಾರಿ ಮೊಹರು ಸಿಕ್ಕಂತೆ. ಆದ್ದರಿಂದ ಪಂಚಾಯತ್ ಠಾಣೆಗೆ ಬದಲಿಯಾಗಬಾರದು. ರಾಜಿಯಾಗದ ಪ್ರಕರಣಕ್ಕೆ ಎಫ್‌ಐಆರ್ ಆಗುತ್ತದೆ ಎಂಬ ಖಾತರಿ ಹಿಂದೆ ಇದ್ದರೆ ಮಾತ್ರ ಅಲ್ಲಿನ ರಾಜಿ ರಾಜಿಯಾಗಿರುತ್ತದೆ, ಇಲ್ಲದಿದ್ದರೆ ಅದು ಸೋಲು.

ಈ ಖಾತರಿಗೆ ಅಡ್ಡ ನಿಂತಿರುವುದು ನಮ್ಮ ಅಂಕಿಸಂಖ್ಯೆಯ ಭಯ. ಠಾಣೆಯೊಂದು ಬಡವರ ದೂರನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳತೊಡಗಿದರೆ ಮೊದಲ ವರ್ಷ ಅದರ ವ್ಯಾಪ್ತಿಯಲ್ಲಿ ಅಪರಾಧ ಏರಿದಂತೆ ಕಾಣುತ್ತದೆ. ದಾಖಲಾತಿ ಹೆಚ್ಚುವುದೆಂದರೆ ಅಪರಾಧ ಹೆಚ್ಚುವುದಲ್ಲ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ತನ್ನ ವರದಿಗಳಲ್ಲೇ ಎಚ್ಚರಿಸುತ್ತದೆ. ಆ ಪುಟವನ್ನು ಓದುವ ಪತ್ರಕರ್ತರು, ಶಾಸಕರು ಕಡಿಮೆ. ಸದನದಲ್ಲಿ ಪ್ರಶ್ನೆ ಏಳುತ್ತದೆ, ಟಿವಿಯಲ್ಲಿ ಕೆಂಪು ಬಾಣ ಮೇಲಕ್ಕೇರುತ್ತದೆ, ಇನ್ಸ್‌ಪೆಕ್ಟರ್ ವರ್ಗವಾಗುತ್ತಾರೆ, ಅವರ ಜಾಗಕ್ಕೆ ಬಂದವರು 'ಕಳೆದುಹೋಗಿದೆ' ಎಂದು ಬರೆಯುವುದನ್ನು ಬೇಗ ಕಲಿಯುತ್ತಾರೆ. ಕಮಿಷನರೊಬ್ಬರು ಮೊದಲೇ ಶಾಸಕರನ್ನು ಕೂರಿಸಿಕೊಂಡು, ಈ ನಾಲ್ಕು ಠಾಣೆಗಳಲ್ಲಿ ಎರಡು ವರ್ಷ ಸಂಖ್ಯೆ ಏರುತ್ತದೆ, ಏರದಿದ್ದರೆ ಮಾತ್ರ ನನ್ನನ್ನು ಕೇಳಿ ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳಿದವರನ್ನು ಎರಡು ವರ್ಷ ಆ ಕುರ್ಚಿಯಲ್ಲಿ ಉಳಿಸುವ ಸರ್ಕಾರವೂ ಬೇಕಾಗುತ್ತದೆ.