ಒಂದು ಗುಣಾಂಕದ ನ್ಯಾಯ

ಮನುಷ್ಯನ ಎತ್ತರವನ್ನು ಅಳೆಯಬಹುದು. ಅವನ ಜನಾಂಗವನ್ನು ಯಾವ ಕೋಲಿನಿಂದ ಅಳೆಯುವುದು? ಸಂಖ್ಯಾಶಾಸ್ತ್ರಜ್ಞರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ರಿಗ್ರೆಷನ್ ಎಂಬ ಲೆಕ್ಕದಲ್ಲಿ ಒಂದು ವರ್ಗವನ್ನು ಆಧಾರವಾಗಿಟ್ಟು ಅದಕ್ಕೆ ಸೊನ್ನೆ ಕೊಡುತ್ತಾರೆ, ಇನ್ನೊಂದಕ್ಕೆ ಒಂದು. ಯಾವುದಕ್ಕೆ ಸೊನ್ನೆ ಕೊಟ್ಟರೂ ಲೆಕ್ಕ ಕೆಡದು. ಹೊರಬೀಳುವ ಗುಣಾಂಕ, ಉಳಿದ ಸಂಗತಿಗಳು ಸಮನಾಗಿದ್ದಾಗ ಎರಡು ವರ್ಗಗಳ ಸರಾಸರಿಗೂ ಇರುವ ಅಂತರವನ್ನು ಹೇಳುತ್ತದೆ. ಅಂತರ ಏಕೆ ಬಂತೆಂಬ ವಿಷಯದಲ್ಲಿ ಅದು ಮೂಕ.

ಈ ಮೂಕ ಅಂಕಿ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆಸಿದ ಅಧಿಕಾರವನ್ನು ನೋಡಿ. ರಕ್ತದ ಕ್ರಿಯಾಟಿನಿನ್ ಪ್ರಮಾಣದಿಂದ ಮೂತ್ರಪಿಂಡದ ಸೋಸುವ ಶಕ್ತಿಯನ್ನು ಅಂದಾಜು ಮಾಡುವ ಸೂತ್ರವೊಂದು 2009ರಲ್ಲಿ ಬಂತು. ವಯಸ್ಸು, ಲಿಂಗಗಳ ಜೊತೆಗೆ, ರೋಗಿ ಕಪ್ಪುವರ್ಣೀಯನಾದರೆ ಉತ್ತರವನ್ನು 1.159ರಿಂದ ಗುಣಿಸಬೇಕೆಂಬ ವಿಧಿ ಅದರಲ್ಲಿತ್ತು. ಬಿಳಿಯರು, ಚೀನೀಯರು, ಭಾರತೀಯರು ಎಲ್ಲರೂ ಒಂದೇ ಗುಂಪು. (ಬೇರೆಲ್ಲೂ ಸಿಗದ ಸಮಾನತೆ ನಮಗೆ ಇಲ್ಲಿ ಸಿಕ್ಕಿತು!) ಅಧ್ಯಯನಕ್ಕೆ ಒಳಗಾದವರಲ್ಲಿ ಅಂತರ ಕಂಡದ್ದು ಸುಳ್ಳಲ್ಲ. ಸ್ನಾಯು ಹೆಚ್ಚೆಂಬುದು ಕೊಟ್ಟ ವಿವರಣೆ. ಆದರೆ ಸೂತ್ರ ಯಾರ ಸ್ನಾಯುವನ್ನೂ ಅಳೆಯಲಿಲ್ಲ.

ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. ಗುಣಿಸದಿದ್ದರೆ ಅವನ ಅಂಕಿ 18. ಅಲ್ಲಿಯ ನಿಯಮದಂತೆ, ಅಂಕಿ 20ಕ್ಕೆ ಇಳಿದಾಗ ಮೂತ್ರಪಿಂಡದ ಕಸಿಗಾಗಿ ಕಾಯುವ ಕಾಲ ಎಣಿಕೆಗೆ ಬರತೊಡಗುತ್ತದೆ. ಕಪ್ಪುವರ್ಣೀಯನೆಂದು ಬರೆದುಕೊಂಡೊಡನೆ ಅದೇ ರಕ್ತ 20.9 ಆಗುತ್ತದೆ; ಅವನ ಎಣಿಕೆ ಶುರುವಾಗುವುದಿಲ್ಲ. ತಾಯಿ ಬಿಳಿಯಳಾಗಿದ್ದರೆ? ಸೊನ್ನೆ, ಒಂದುಗಳ ನಡುವೆ ಅವನಿಗೆ ಮನೆಯಿಲ್ಲ.

ಗುಂಪಿನ ಮಟ್ಟಿಗೆ ನಿಜವಾದದ್ದನ್ನು ಒಬ್ಬನ ಮೇಲೆ ತೀರ್ಪಾಗಿ ಹೊರಿಸಬಹುದೆ? ವಯಸ್ಸಿನ ಲೆಕ್ಕವೂ ಸರಾಸರಿಯದೇ ಅಲ್ಲವೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೆ. ಆದರೆ ವಯಸ್ಸು ದೇಹಕ್ಕೇ ಆಗುವಂಥದು; ಜನಾಂಗವೋ ಸಮಾಜ ಅಂಟಿಸಿದ ಚೀಟಿ. ಅದರ ಹಿಂದೆ ಊಟವಿದೆಯೋ, ಬಡತನವಿದೆಯೋ, ಇನ್ನೇನಿದೆಯೋ, ಗುಣಾಂಕ ಬಿಡಿಸಿ ತೋರಿಸಲಾರದು.

2021ರಲ್ಲಿ ಜನಾಂಗವನ್ನು ಕೈಬಿಟ್ಟು ಹೊಸ ಸೂತ್ರ ರಚಿಸಿದರು. ತಪ್ಪು ಮಾಯವಾಗಲಿಲ್ಲ: ಅದು ಕಪ್ಪುವರ್ಣೀಯರ ಮೂತ್ರಪಿಂಡದ ಶಕ್ತಿಯನ್ನು ಸರಾಸರಿಯಲ್ಲಿ ತುಸು ಕಡಿಮೆಯಾಗಿ, ಉಳಿದವರದನ್ನು ತುಸು ಹೆಚ್ಚಾಗಿ ಹೇಳುತ್ತದೆ. ಹಾಗೆ ಹಂಚಿಕೊಂಡ ತಪ್ಪೇ ನನಗೆ ಮೇಲೆನಿಸುತ್ತದೆ. ಅಂಕಿ ನೋಡಿ ಔಷಧದ ಪ್ರಮಾಣ ಗೊತ್ತುಮಾಡುವ ವೈದ್ಯರು ಒಪ್ಪದಿರಬಹುದು. 2023ರ ಜನವರಿಯಲ್ಲಿ ಇನ್ನೊಂದು ನಿಯಮ ಜಾರಿಗೆ ಬಂತು. ಹಳೆಯ ಗುಣಾಕಾರದಿಂದ ಹಿಂದೆ ಬಿದ್ದಿದ್ದ ಕಪ್ಪುವರ್ಣೀಯರಿಗೆ, ಕಳೆದುಹೋದ ಕಾಯುವ ಕಾಲವನ್ನು ಲೆಕ್ಕಕ್ಕೆ ಸೇರಿಸಿ ಕೊಡಬೇಕೆಂದು. ಆಗ ಇನ್ನೂ ಪಟ್ಟಿಯಲ್ಲಿ ಉಳಿದಿದ್ದವರಿಗೆ ಅದು ದೊರೆಯಿತು.