ಗೆದ್ದವಳ ಕ್ಷಮಾಪಣೆ

1994ರ ವಿಂಬಲ್ಡನ್ ಮಹಿಳೆಯರ ಫೈನಲ್ ನೋಡಿದವರನ್ನು ಕೇಳಿ ನೋಡಿ. ಮಾರ್ಟಿನಾ ನವ್ರಾಟಿಲೋವಾ ಸೋತದ್ದು, ಮೂವತ್ತೇಳು ವರ್ಷದ ಆ ಹೆಂಗಸು ಅಂಗಳದಿಂದ ನಾಲ್ಕು ಎಸಳು ಹುಲ್ಲು ಕಿತ್ತುಕೊಂಡು ನಡೆದದ್ದು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು, ಎಲ್ಲವನ್ನೂ ನಿನ್ನೆ ನಡೆದಂತೆ ಹೇಳುತ್ತಾರೆ. ಗೆದ್ದವರು ಯಾರು ಎಂದು ಕೇಳಿದರೆ ಮಾತ್ರ ಒಂದು ಗಳಿಗೆ ಸುಮ್ಮನಾಗುತ್ತಾರೆ. ಗೆದ್ದದ್ದು ಸ್ಪೇನಿನ ಕೊಂಚಿತಾ ಮಾರ್ಟಿನೆಜ್. 6-4, 3-6, 6-3. ಆ ದೇಶದ ಹೆಂಗಸೊಬ್ಬಳು ವಿಂಬಲ್ಡನ್ ಸಿಂಗಲ್ಸ್ ಗೆದ್ದದ್ದು ಅದೇ ಮೊದಲು. ನವ್ರಾಟಿಲೋವಾ ಅದಾಗಲೇ ಒಂಬತ್ತು ಸಲ ಗೆದ್ದವರು. ಹತ್ತನೆಯದು ಸಿಗಲಿಲ್ಲವಲ್ಲ ಎಂದು ಲೋಕವೆಲ್ಲ ಮರುಗಿತು. ಒಂದೂ ಇಲ್ಲದಿದ್ದವಳಿಗೆ ಒಂದು ಸಿಕ್ಕಿತಲ್ಲ ಎಂದು ಯಾರಿಗೂ ಅನ್ನಿಸಿದ ಹಾಗೆ ಕಾಣಲಿಲ್ಲ.

ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ತಪ್ಪಿದೆಯೋ ಇಲ್ಲವೋ ಎಂಬುದೇ ನನ್ನ ತಲೆಯಲ್ಲಿ ಬಹಳ ಕಾಲದಿಂದ ಕುಳಿತ ಪ್ರಶ್ನೆ. ನಮಗೆ ಬೇಕಾದವಳು ಸೋತರೆ ದುಃಖವಾಗುತ್ತದೆ. ಆ ದುಃಖ ನಾವು ಕರೆದು ತಂದದ್ದಲ್ಲ. ಆದರೆ ಆಚೆ ಬದಿಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಇನ್ನೊಬ್ಬಳು ನಿಂತಿದ್ದಾಳಲ್ಲ, ನಮ್ಮ ದುಃಖದ ಎದುರು ಅವಳ ಪಾಲೇನು? ನಾವು ಅವಳಿಗೆ ಏನಾದರೂ ಕೊಡಬೇಕಾದದ್ದು ಇದೆಯೇ?

2018ರ ಸೆಪ್ಟೆಂಬರಿನಲ್ಲಿ ಈ ಪ್ರಶ್ನೆ ನನ್ನನ್ನು ಸರಿಯಾಗಿ ಹಿಡಿದುಕೊಂಡಿತು. ಅಮೆರಿಕನ್ ಓಪನ್ ಫೈನಲ್. ಒಂದು ಕಡೆ ಸೆರೆನಾ ವಿಲಿಯಮ್ಸ್. ಹೆರಿಗೆಯಾಗಿ ಒಂದು ವರ್ಷವಷ್ಟೇ ಕಳೆದಿತ್ತು. ಗೆದ್ದರೆ ಇಪ್ಪತ್ತನಾಲ್ಕನೆಯ ಗ್ರ್ಯಾಂಡ್ ಸ್ಲ್ಯಾಂ, ಮಾರ್ಗರೆಟ್ ಕೋರ್ಟ್ ಅವರ ದಾಖಲೆಗೆ ಸಮ. ಹೆತ್ತ ಹೆಂಗಸು ಮತ್ತೆ ಕಣಕ್ಕಿಳಿದು ಗೆಲ್ಲುವುದನ್ನು ನೋಡಬೇಕೆಂದು ನನಗೂ ಆಸೆಯಿತ್ತು. ಅದನ್ನೇಕೆ ಮುಚ್ಚಿಡಲಿ? ಇನ್ನೊಂದು ಕಡೆ ಇಪ್ಪತ್ತು ವರ್ಷದ ನವೋಮಿ ಒಸಾಕಾ. ತಾಯಿ ಜಪಾನಿನವಳು, ತಂದೆ ಹೈಟಿಯವನು. ಚಿಕ್ಕಂದಿನಿಂದ ಸೆರೆನಾಳನ್ನೇ ನೋಡಿ ನೋಡಿ ಆಟ ಕಲಿತ ಹುಡುಗಿ. ಶ್ರೇಯಾಂಕ ಇಪ್ಪತ್ತು.

ಹುಡುಗಿ 6-2, 6-4ರಲ್ಲಿ ಗೆದ್ದಳು. ನಡುವೆ ಅಂಪೈರ್ ಕಾರ್ಲೋಸ್ ರಾಮೋಸ್ ಸೆರೆನಾಗೆ ಮೂರು ಸಲ ದಂಡ ಹಾಕಿದರು: ಗ್ಯಾಲರಿಯಿಂದ ಕೋಚ್ ಸನ್ನೆ ಮಾಡಿದ್ದಕ್ಕೆ, ರ್‍ಯಾಕೆಟ್ ನೆಲಕ್ಕೆ ಬಡಿದು ಮುರಿದದ್ದಕ್ಕೆ, ಅಂಪೈರನ್ನು ಕಳ್ಳ ಎಂದು ಜರೆದದ್ದಕ್ಕೆ. ಮೂರನೆಯ ದಂಡಕ್ಕೆ ಒಂದು ಇಡೀ ಗೇಮೇ ಹೋಯಿತು. ನ್ಯೂಯಾರ್ಕಿನ ಜನ ಸಿಟ್ಟಿಗೆದ್ದರು. ಬಹುಮಾನ ಕೊಡುವ ಹೊತ್ತಿಗೆ ಸ್ಟೇಡಿಯಂ ತುಂಬ ಅಬ್ಬರದ ಧಿಕ್ಕಾರ. ಗೆದ್ದ ಹುಡುಗಿ ತಲೆಯ ಮೇಲಿದ್ದ ವೈಸರನ್ನು ಮುಖದ ಮೇಲಕ್ಕೆ ಎಳೆದುಕೊಂಡು ಅತ್ತಳು. ಸೆರೆನಾ ಅವಳ ಹೆಗಲ ಮೇಲೆ ಕೈಯಿಟ್ಟು, ಕೂಗಬೇಡಿ ಎಂದು ಜನರಲ್ಲಿ ಬೇಡಿಕೊಂಡಳು. ಆಮೇಲೆ ಮೈಕ್ ಹುಡುಗಿಯ ಕೈಗೆ ಬಂತು. ನೀವೆಲ್ಲ ಆಕೆಗಾಗಿ ಕೂಗುತ್ತಿದ್ದಿರೆಂದು ನನಗೆ ಗೊತ್ತು, ಹೀಗೆ ಮುಗಿಯಬೇಕಾಗಿ ಬಂತಲ್ಲ, ಕ್ಷಮಿಸಿ ಎಂಬ ಅರ್ಥದಲ್ಲಿ ಅವಳು ಮಾತಾಡಿದಳು.

ನಮ್ಮಲ್ಲಿ ಆಗ ನಡುರಾತ್ರಿ ಕಳೆದಿತ್ತು. ನಾನು ನೋಡಿದ್ದು ಮರುದಿನ ಭಾನುವಾರ. ಪಕ್ಕದ ಮನೆಯ ಬಾಯಮ್ಮನವರ ತೆನೆಹಬ್ಬ ಹಿಂದಿನ ದಿನವಷ್ಟೇ ಮುಗಿದಿತ್ತು. ಪಾತ್ರೆಯಲ್ಲಿ ಪಾಯಸ ಹಿಡಿದುಕೊಂಡು ಬಂದವರು ನನ್ನ ಜೊತೆ ಟಿ.ವಿ. ಮುಂದೆ ಕೂತರು. ನಮ್ಮ ಕೆಮ್ಮಣ್ಣಿನಲ್ಲಿ ಟೆನ್ನಿಸ್ ಅಂಗಳವಿಲ್ಲ, ಆದರೆ ಟೆನ್ನಿಸಿನ ಬಗ್ಗೆ ಅಭಿಪ್ರಾಯಕ್ಕೆ ಬರಗಾಲವಿಲ್ಲ.

"ಗೆದ್ದವಳು ಯಾಕೆ ಸಾರಿ ಹೇಳುವುದು ಮಾರಾಯ್ತಿ?" ಎಂದರು ಬಾಯಮ್ಮ.

"ಜನ ಕೂಗಿದರಲ್ಲ ಬಾಯಮ್ಮ, ಹೆದರಿದಳು."

"ಕೂಗಿದ್ದು ಅಂಪೈರಿಗೆ. ಇವಳಿಗಲ್ಲ."

ಬಾಯಮ್ಮ ಹೇಳಿದ್ದು ನಿಜವೇ. ಬಹಳ ಮಂದಿಯ ಸಿಟ್ಟು ಅಂಪೈರ್ ಮೇಲಿತ್ತು. ಆದರೆ ಕಟ್ಟ ಒಡೆದ ನೀರು ಯಾರ ಗದ್ದೆಗೆ ಎಂದು ವಿಚಾರಿಸಿ ಹರಿಯುತ್ತದೆಯೇ? ಒದ್ದೆಯಾದದ್ದು ಆ ಹುಡುಗಿ. ಜಪಾನಿನ ಪರವಾಗಿ ಆಡಿದವರಲ್ಲಿ, ಗಂಡಸರಿರಲಿ ಹೆಂಗಸರಿರಲಿ, ಗ್ರ್ಯಾಂಡ್ ಸ್ಲ್ಯಾಂ ಸಿಂಗಲ್ಸ್ ಗೆದ್ದ ಮೊದಲಿಗಳು ಅವಳು. ಜೀವಮಾನದಲ್ಲಿ ಒಮ್ಮೆ ಬರುವ ಆ ಗಳಿಗೆಯನ್ನು ಅವಳು ವೈಸರಿನ ಕೆಳಗೆ ಕಳೆದಳು.

ಈ ಕ್ಷಮಾಪಣೆ ನನಗೆ ಹೊಸದಾಗಿರಲಿಲ್ಲ. ಇದಕ್ಕೆ ಬಹಳ ಹಿಂದೆ ನಮ್ಮ ಸುತ್ತಿನ ಒಂದು ಮಹಿಳಾ ಮಂಡಲದ ವಾರ್ಷಿಕೋತ್ಸವದಲ್ಲಿ ಥ್ರೋಬಾಲ್ ಪಂದ್ಯವಿತ್ತು. ಅಂಕ ಬರೆಯುವ ಕೆಲಸ ನನ್ನದು. ಊರಿನ ತಂಡದವರು ಶಾಲೆಯ ಬಯಲಿನಲ್ಲಿ ಎರಡು ತಿಂಗಳು ಸಂಜೆ ಸಂಜೆ ಅಭ್ಯಾಸ ಮಾಡಿದ್ದರು, ಒಂದೇ ಬಣ್ಣದ ಟಿ-ಶರ್ಟು ಹೊಲಿಸಿದ್ದರು. ಎದುರಿಗೆ ಬಂದದ್ದು ಹೊಳೆಯಾಚೆಯ ಕುದ್ರುವಿನ ಏಳು ಹೆಂಗಸರು. ತೂಗುಸೇತುವೆ ದಾಟಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದಿದ್ದರು. ಬಯಲಿನಲ್ಲಿ ಆಡಿದ್ದೂ ಬರಿಗಾಲಿನಲ್ಲೇ. ಮನೆಯಲ್ಲಿ ಬೀಡಿ ಕಟ್ಟುವವರು, ಸ್ವರ್ಣಾ ನದಿಯ ಇಳಿತದ ಹೊತ್ತಿಗೆ ಸೊಂಟದ ತನಕ ನೀರಿಗಿಳಿದು ಮರುವಾಯಿ ಹೆಕ್ಕುವವರು. ಅವರು ಬೇಗ ಸೋತು ಹೋಗುತ್ತಾರೆ, ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ ಎಂದೇ ಎಲ್ಲರ ಲೆಕ್ಕ. ಅವರು ಎರಡೂ ಸೆಟ್ ಗೆದ್ದರು.

ಚಪ್ಪಾಳೆ ಬಿತ್ತು, ಇಲ್ಲವೆನ್ನಲಾರೆ. ಮಳೆ ಬಿಟ್ಟ ಮೇಲೆ ಮಾಡಿನಿಂದ ತೊಟ್ಟಿಕ್ಕುವ ಹಾಗೆ ಅಲ್ಲೊಂದು ಇಲ್ಲೊಂದು. ಆಮೇಲೆ ಶುರುವಾಯಿತು: ಗಾಳಿ ಆ ಕಡೆಗಿತ್ತು. ಬಿಸಿಲು ನಮ್ಮವರ ಕಣ್ಣಿಗೆ ಹೊಡೆಯುತ್ತಿತ್ತು. ಲಕ್ಕು. ಆ ಎತ್ತರದ ಹೆಂಗಸು ನಿಜವಾಗಿಯೂ ಅದೇ ಕುದ್ರುವಿನವಳೋ, ಬೇರೆ ಕಡೆಯಿಂದ ಕರೆಸಿದ್ದೋ? ಒಬ್ಬರು ರೇಷನ್ ಕಾರ್ಡ್ ತರಿಸಿ ನೋಡಬೇಕು ಎಂದೂ ಹೇಳಿದರು. ಬಹುಮಾನಕ್ಕೆಂದು ಇಟ್ಟಿದ್ದ ಸ್ಟೀಲಿನ ಕೊಡಪಾನ ಕೊಡುವಾಗ ಅವರ ಕ್ಯಾಪ್ಟನ್ ಕೈಗೆ ಮೈಕ್ ಕೊಟ್ಟರು. ಆಕೆ ಹೇಳಿದ್ದು ತುಳುವಿನಲ್ಲಿ ಎರಡೇ ಶಬ್ದ: "ಬೇಜಾರು ಮಲ್ಪೊಡ್ಚಿ." ಬೇಸರ ಮಾಡಿಕೊಳ್ಳಬೇಡಿ ಎಂದು.

ನ್ಯೂಯಾರ್ಕಿನ ಹುಡುಗಿಯ ಮಾತು ಕೇಳಿದಾಗ ನನಗೆ ನೆನಪಾದದ್ದು ಈ ಹೆಂಗಸು. ಗೆದ್ದ ಗಂಡಸರು ಹೀಗೆ ಹೇಳಿದ್ದನ್ನು ನಾನು ಹೆಚ್ಚು ಕೇಳಿಲ್ಲ. ಕಂಬಳದಲ್ಲಿ ಕೋಣ ಗೆದ್ದರೆ ಯಜಮಾನನ ಮನೆಯ ತನಕ ವಾದ್ಯದ ಮೆರವಣಿಗೆ. ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಗೆಲುವೂ ಬೇರೆಯವರ ಮನೆಯ ಪಾತ್ರೆಯ ಹಾಗೆ, ಎತ್ತಿ ಹಿಡಿಯುವಾಗಲೂ ಎಲ್ಲಿ ಬಿದ್ದೀತೋ ಎಂಬ ಭಯ. ಎಸ್ಸೆಸ್ಸೆಲ್ಸಿಯಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ಬಂದ ತಂಗಿ ಆ ಸುದ್ದಿಯನ್ನು ಹೇಗೆ ಮೆಲ್ಲನೆ ಹೇಳುತ್ತಾಳೆಂದು ನೀವೂ ಕಂಡಿರಬಹುದು.

'ಅನಿರೀಕ್ಷಿತ ಗೆಲುವು' ಎಂದು ಪೇಪರಿನವರು ಬರೆಯುತ್ತಾರೆ. ಯಾರಿಗೆ ಅನಿರೀಕ್ಷಿತ? ಮರುವಾಯಿ ಹೆಕ್ಕುವವಳ ತೋಳಿಗೆ ಎಷ್ಟು ವರ್ಷಗಳ ಬಲವಿದೆ ಎಂದು ನಮಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ನಮ್ಮ ಕಡೆಯ ಕೊರತೆ. ಅದನ್ನು ತೆಗೆದು ಅವಳ ಅದೃಷ್ಟದ ಖಾತೆಗೆ ಬರೆದುಬಿಡುತ್ತೇವೆ. 2015ರಲ್ಲಿ ಇಟಲಿಯ ರಾಬರ್ಟಾ ವಿಂಚಿ ಅಮೆರಿಕನ್ ಓಪನ್ ಸೆಮಿಫೈನಲಿನಲ್ಲಿ ಇದೇ ಸೆರೆನಾಳನ್ನು ಸೋಲಿಸಿದಾಗಲೂ ಜನರ ಕ್ಷಮೆ ಕೇಳಿದಳು. ಆದರೆ ಆ ಮೂವತ್ತೆರಡರ ಹೆಂಗಸು ನಗುತ್ತಾ, ಇವತ್ತು ನನ್ನ ದಿನ ಎಂದೂ ಜೊತೆಗೆ ಸೇರಿಸಿದಳು. ಅಷ್ಟು ಸೇರಿಸಲು ಒಂದು ವಯಸ್ಸು ಬೇಕೇನೋ.

ಹಾಗಾದರೆ ಪಕ್ಷ ವಹಿಸುವುದೇ ತಪ್ಪೇ? ಹಾಗೆಂದು ನಾನು ಹೇಳಲಾರೆ. ಯಾರ ಕಡೆಗೂ ಇಲ್ಲದೆ ಆಟ ನೋಡುವುದು ಉಪ್ಪು ಹಾಕದ ಗಂಜಿ ಉಂಡಂತೆ. ನಮ್ಮ ಕಡೆಯ ತಾಳಮದ್ದಳೆಯನ್ನೇ ತೆಗೆದುಕೊಳ್ಳಿ. ಕರ್ಣಪರ್ವದ ದಿನ ಸಭೆಯಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಕರ್ಣನ ಕಡೆ. ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಕರ್ಣ ಮಾತಿನಲ್ಲಿ ಕೃಷ್ಣನನ್ನೇ ಕಟ್ಟಿ ಹಾಕುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ, ರಥದ ಚಕ್ರ ಹೂತಾಗ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಅರ್ಜುನನ ಅರ್ಥ ಹೇಳಿದವನಿಗೆ ಧಿಕ್ಕಾರ ಕೂಗಿದ್ದನ್ನು ನಾನಂತೂ ಕಂಡಿಲ್ಲ. ಕೊನೆಗೆ ಅವನಿಗೂ ಚೆನ್ನಾಗಿ ಹೇಳಿದಿರಿ ಎನ್ನುತ್ತಾರೆ. ಸೋತವನಿಗಾಗಿ ಅಳುವುದೂ ಗೆದ್ದವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದೂ ಒಂದೇ ರಾತ್ರಿಯಲ್ಲಿ, ಒಂದೇ ಚಾಪೆಯ ಮೇಲೆ ಕೂತು ಸಾಧ್ಯ ಎಂದಾಯಿತು.

ಕಥೆ ಮೊದಲೇ ಗೊತ್ತಿರುವುದರಿಂದ ಅಲ್ಲಿ ಅದು ಸುಲಭ ಎಂದು ಯಾರಾದರೂ ವಾದಿಸಬಹುದು. ಆಟದಲ್ಲಿ ಹಾಗಲ್ಲ, ಆಸೆ ಕೊನೆಯ ಚೆಂಡಿನ ತನಕ ಜೀವ ಹಿಡಿದುಕೊಂಡಿರುತ್ತದೆ. ಆ ವಾದದಲ್ಲಿ ಹುರುಳಿದೆ. ಆದರೆ ತಮ್ಮ ಆಸೆ ಕೈಗೂಡಿದ ಜನರೂ ಕ್ರೂರಿಗಳಾದದ್ದುಂಟು. 1999ರ ಪ್ಯಾರಿಸ್ ಫೈನಲ್‌ನಲ್ಲಿ ಸ್ಟೆಫಿ ಗ್ರಾಫ್ ಗೆಲ್ಲುತ್ತಾಳೆಂದು ಯಾರೂ ಎಣಿಸಿರಲಿಲ್ಲ, ಗೆಲ್ಲಬೇಕೆಂದು ಮಾತ್ರ ಎಲ್ಲರಿಗೂ ಇತ್ತು. ಎದುರಿಗಿದ್ದ ಹದಿನೆಂಟರ ಮಾರ್ಟಿನಾ ಹಿಂಗಿಸ್ ಚೆಂಡಿನ ಗುರುತು ನೋಡಲು ನೆಟ್ ದಾಟಿ ಎದುರಾಳಿಯ ಬದಿಗೆ ಹೋದಳು. ಅದು ನಿಯಮಕ್ಕೆ ವಿರುದ್ಧ, ದಂಡವೂ ಬಿತ್ತು. ಅಲ್ಲಿಂದ ಜನ ಅವಳನ್ನು ಬಿಡಲಿಲ್ಲ. ಗ್ರಾಫ್ 4-6, 7-5, 6-2ರಲ್ಲಿ ಗೆದ್ದಳು. ಅಂಗಳ ಬಿಟ್ಟು ಓಡಿದ ಹುಡುಗಿಯನ್ನು ತಾಯಿ ತಬ್ಬಿಕೊಂಡು ಮತ್ತೆ ಕರೆತರಬೇಕಾಯಿತು. ಬೇಕಾದದ್ದು ಸಿಕ್ಕಿದ ಮೇಲೂ ಜನರಿಗೆ ಇನ್ನೇನು ಬೇಕಿತ್ತು?

ಇನ್ನು ನಮ್ಮ ಜಿಲ್ಲೆಯ ಮಾತು. ಕುಂದಾಪುರ ತಾಲೂಕಿನ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜೆ 2010ರ ನವೆಂಬರಿನಲ್ಲಿ ಚೀನಾದ ಗುವಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 56.15 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ರಿಲೇಯಲ್ಲೂ ಚಿನ್ನ. ಒಂದು ತಿಂಗಳ ಹಿಂದೆ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲೂ ಚಿನ್ನ. ಆಗ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಹಾಲಿನಲ್ಲಿ, ಎಲ್ಲಿ ಹೋದರೂ ಆಕೆ 'ನಮ್ಮ ಹುಡುಗಿ'. ಮರುವರ್ಷ, 2011ರಲ್ಲಿ, ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಆಕೆಯೂ ರಿಲೇ ತಂಡದ ಇನ್ನು ಕೆಲವರೂ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಪೂರಕ ಆಹಾರದಿಂದ ಹೀಗಾಯಿತೆಂದು ಹೇಳಿದರು. ಉಕ್ರೇನಿನವರಾದ ಆ ಕೋಚನ್ನು ಸರಕಾರ ತೆಗೆದುಹಾಕಿತು. ಮೊದಲು ಒಂದು ವರ್ಷದ ನಿಷೇಧ, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಗುವಾಂಗ್‌ಝೌನ ಪದಕಗಳು ಹಾಗೆಯೇ ಉಳಿದವು.

ನಿಯಮ ನಿಯಮವೇ. ಶಿಕ್ಷೆಯನ್ನು ಆಕೆ ಅನುಭವಿಸಿದರು, ಆಮೇಲೆ ಮತ್ತೆ ಓಡಿದರು. ನನಗೆ ಇರಿದದ್ದು ಬೇರೆ. 'ನಮ್ಮ ಹುಡುಗಿ' ಎಂದ ಬಾಯಿಗಳೇ 'ನನಗೆ ಆಗಲೇ ಸಂಶಯವಿತ್ತು' ಎನ್ನತೊಡಗಿದವು. ಆಗ ಸಂಶಯವಿದ್ದ ಒಬ್ಬರನ್ನೂ ನಾನು ಆಗ ಕಂಡಿರಲಿಲ್ಲ. ಎಣಿಸದೆ ಬಂದ ಗೆಲುವನ್ನು ನಾವು ಪೂರ್ತಿ ಒಪ್ಪಿಕೊಂಡೇ ಇರುವುದಿಲ್ಲ, ಹಿಂದಕ್ಕೆ ಪಡೆಯಲು ಒಂದು ಕೈ ಯಾವಾಗಲೂ ಹೊರಗೇ ಇಟ್ಟಿರುತ್ತೇವೆ ಎಂದು ಅವತ್ತು ಅನ್ನಿಸಿತು.

ಧಿಕ್ಕಾರಕ್ಕಿಂತ ತಣ್ಣಗಿನದು ಇನ್ನೊಂದಿದೆ, ಮರೆವು. 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಮಹಿಳೆಯರ ಅಂತರರಾಷ್ಟ್ರೀಯ ಟೂರ್ನಿಯ ಫೈನಲಿನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಮಾರಾ ಸಾಂಟಾಂಜೆಲೊಳನ್ನು ಸೋಲಿಸಿ ಗೆದ್ದವಳು ಹತ್ತೊಂಬತ್ತರ ಯಾರೋಸ್ಲಾವಾ ಶ್ವೆಡೋವಾ. ಆ ದರ್ಜೆಯಲ್ಲಿ ಅವಳು ಗೆದ್ದ ಏಕೈಕ ಸಿಂಗಲ್ಸ್ ಪ್ರಶಸ್ತಿ ಅದು. ಮರುವರ್ಷ ಅಲ್ಲಿಗೇ ಸೆರೆನಾ ಬಂದು ಗೆದ್ದದ್ದು ಎಲ್ಲರಿಗೂ ನೆನಪಿದೆ. ಶ್ವೆಡೋವಾ ಮುಂದೆ 2012ರ ವಿಂಬಲ್ಡನ್ನಿನಲ್ಲಿ ಎದುರಾಳಿಗೆ ಒಂದೇ ಒಂದು ಪಾಯಿಂಟ್ ಕೊಡದೆ ಒಂದು ಇಡೀ ಸೆಟ್, ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು ಪಾಯಿಂಟ್, ಗೆದ್ದವಳು. ಬೆಂಗಳೂರಿನವರೇ ಆದ ನನ್ನ ನಾದಿನಿಗೆ ಈ ಹೆಸರು ಹೇಳಿದರೆ "ಯಾರೇ ಅತ್ತಿಗೆ ಅದು?" ಎಂದಳು.

ಬಾಯಮ್ಮನ ಜೊತೆ ಈ ಚರ್ಚೆ ಆ ಭಾನುವಾರಕ್ಕೆ ಮುಗಿಯಲಿಲ್ಲ. ಒಂದು ದಿನ ಬಟ್ಟೆ ಒಣಗಿಸುತ್ತಾ ಬೇಲಿಯಾಚೆಯಿಂದ ಕೇಳಿದರು: "ಅಲ್ಲ, ಸಂತೋಷ ಆಗದಿದ್ದರೆ ಎಂತ ಮಾಡುವುದು? ಸುಳ್ಳು ನಗುವುದಾ?"

ಪ್ರಶ್ನೆ ಗಟ್ಟಿಯದೇ. ಸಂತೋಷವನ್ನು ಅಪ್ಪಣೆ ಕೊಟ್ಟು ತರಿಸಲಾಗದು. ನಾನಂದೆ, "ಬಾಯಮ್ಮ, ಮನಸ್ಸು ನಮ್ಮ ಮಾತು ಕೇಳುವುದಿಲ್ಲ, ಸರಿ. ಕೈ ಕೇಳುತ್ತದಲ್ಲ? ಚಪ್ಪಾಳೆ ತಟ್ಟಬಹುದಲ್ಲ?"

"ಅದು ಕಪಟ ಅಲ್ವಾ?"

ನನಗೆ ಹಾಗನ್ನಿಸುವುದಿಲ್ಲ. ನಮ್ಮ ಮಗನಿಗೆ ಕೇಳಿದ ಹುಡುಗಿ ಬೇರೆ ಮನೆಗೆ ಹೋದರೂ ಮದುವೆಗೆ ಹೋಗಿ ಅಕ್ಷತೆ ಹಾಕಿ ಬರುತ್ತೇವೆ. ಎದೆಯೊಳಗೆ ಏನೋ ಚುಚ್ಚುತ್ತಿರುತ್ತದೆ, ಆದರೂ ಹಾಕಿದ ಅಕ್ಷತೆ ಸುಳ್ಳಲ್ಲ. ಅದು ನನ್ನ ಮನಸ್ಸಿನ ವರದಿಯಲ್ಲ, ಅವಳಿಗೆ ಸಲ್ಲಬೇಕಾದ ಗೌರವ. ಅವಳ ದಿನದಲ್ಲಿ ನನ್ನ ಬೇಸರಕ್ಕೆ ಮುಂದಿನ ಸಾಲಿನ ಕುರ್ಚಿ ಇಲ್ಲ. ಬೇಸರ ಮನೆಗೆ ಬಂದ ಮೇಲೆ, ಸೀರೆ ಮಡಚುವಾಗ, ಎಷ್ಟು ಬೇಕಾದರೂ ಪಡಬಹುದು. ಬಾಯಮ್ಮ ಪೂರ್ತಿ ಒಪ್ಪಲಿಲ್ಲ. "ನೀನು ಮಾತಿನಲ್ಲಿ ಜೋರು" ಎಂದಷ್ಟೇ ಹೇಳಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

2020ರ ಸೆಪ್ಟೆಂಬರಿನಲ್ಲಿ ಒಸಾಕಾ ಅದೇ ನ್ಯೂಯಾರ್ಕಿನ ಅಂಗಳದಲ್ಲಿ ಮತ್ತೆ ಫೈನಲ್ ಆಡಿದಳು. ಕೊರೋನಾದ ಕಾಲ, ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಸಾವಿರಾರು ಖಾಲಿ ಕುರ್ಚಿಗಳು. ಮೊದಲ ಸೆಟ್ 1-6ರಲ್ಲಿ ಸೋತು, ಉಳಿದೆರಡನ್ನು 6-3, 6-3ರಲ್ಲಿ ಗೆದ್ದಳು. ಎದುರಾಳಿ ವಿಕ್ಟೋರಿಯಾ ಅಜರೆಂಕಾ, ಆಕೆಯೂ ಒಬ್ಬ ತಾಯಿಯೇ. ಕೊನೆಯ ಪಾಯಿಂಟ್ ಆದ ಮೇಲೆ ಹುಡುಗಿ ಕುಣಿಯಲಿಲ್ಲ, ಕೂಗಲಿಲ್ಲ. ಅಂಗಳದ ನಡುವೆ ನಿಧಾನಕ್ಕೆ, ಜಾಗ್ರತೆಯಿಂದ ಅಂಗಾತ ಮಲಗಿ ಆಕಾಶ ನೋಡುತ್ತಾ ಇದ್ದಳು.

ಬಾಯಮ್ಮ ಅವರ ಮನೆಯಲ್ಲಿ, ನಾನು ನಮ್ಮ ಮನೆಯಲ್ಲಿ ಕೂತು ಇದನ್ನು ನೋಡಿದೆವು. ಆಗ ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಫೋನ್ ಮಾಡಿ ಕೇಳಿದರು, "ಕಂಡೆಯಾ? ಈ ಸಲ ಮುಖ ಮುಚ್ಚಿಕೊಳ್ಳಲಿಲ್ಲ."

"ಕೂಗಲು ಜನವೇ ಇರಲಿಲ್ಲವಲ್ಲ ಬಾಯಮ್ಮ."

"ನಾನು ಕೈ ತಟ್ಟಿದೆ ಮಾರಾಯ್ತಿ," ಎಂದರು ಅವರು, "ಒಬ್ಬಳೇ ಕೂತುಕೊಂಡು. ನಮ್ಮ ನಾಯಿ ಹೆದರಿ ಓಡಿತು."