ಇಂದಿನ ಚಿಂತನೆ: ತೆಗೆದ ಫೋಟೊ ಯಾರಿಗಾಗಿ?



ಫೋಟೊ ತೆಗೆಯುವುದು ನನ್ನ ಹವ್ಯಾಸ. ತೆಗೆದದ್ದನ್ನೇ ಮತ್ತೆ ಮತ್ತೆ ನೋಡಿ ಸಂತೋಷಪಡುವುದು ತೃಷ್ಣೆಯಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ‘ನಾನು ತೆಗೆದದ್ದು’ ಎಂದು ಹಿಗ್ಗಿ ಲೈಕ್ ಎಣಿಸುತ್ತ ಕೂತರೆ ಅದು ತೃಷ್ಣೆಯೇ. ಆದರೆ ಚಿತ್ರದಲ್ಲಿ ಇರುವವರನ್ನು ನೋಡಿದರೆ? ಅಂದಿನ ಮಗು ಬೆಳೆದಿದೆ, ಅಂದಿನ ಅಜ್ಜಿ ಇಂದಿಲ್ಲ. ಅನಿತ್ಯ ಅಲ್ಲೇ ಕಾಣುತ್ತದೆ, ಮೈತ್ರಿಯೂ ಮೂಡುತ್ತದೆ.

ಚಿತ್ರದ ಜೊತೆ ಹೆಸರೂ ಉಳಿಯಬೇಕು. ಸನ್ನತಿ ಬಳಿಯ ಕನಗನಹಳ್ಳಿಯ ಶಿಲ್ಪದಲ್ಲಿರುವವನು ಅಶೋಕ ಎಂದು ಗೊತ್ತಾದದ್ದು ಅಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಕೊರೆದ ಹೆಸರಿನಿಂದ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಒಂದು ಫೋಟೊವೂ ಉಳಿದಿಲ್ಲ.

ಆದ್ದರಿಂದ ಫೋಟೊಗಳನ್ನು ಫೋನಿನಲ್ಲೇ ಕೂಡಿಡಬೇಡಿ. ತಿಂಗಳಿಗೊಂದನ್ನಾದರೂ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ಊರು, ತಾರೀಖು ಬರೆಯಿರಿ. ಒಂದು ಪ್ರತಿಯನ್ನು ಅದರಲ್ಲಿರುವವರಿಗೇ ಕೊಡಿ. ಆಗ ಹವ್ಯಾಸವೂ ದಾನವಾಗುತ್ತದೆ.

ಎಲ್ಲರಿಗೂ ಮಂಗಳವಾಗಲಿ.